ಊರ ಕೊಳದಲ್ಲಿ ಬಿದಿರು ನೆಟ್ಟು ಈಜು ಕಲಿಸಿದರು: ಬಾಂಗ್ಲಾದೇಶದ ಒಂದು ಪ್ರಕರಣ ಅಧ್ಯಯನ

ಈಜು ಕಲಿತರೆ ಏನು ಲಾಭ ಅಂತ ಕೇಳಿದರೆ ಉತ್ತರಗಳು ಬೇಗ ಬರುತ್ತವೆ. ಮೈಕೈ ಗಟ್ಟಿಯಾಗುತ್ತದೆ. ಉಸಿರಾಟ ಸುಧಾರಿಸುತ್ತದೆ. ಮಂಡಿ ನೋವಿದ್ದವರೂ ಆರಾಮಾಗಿ ಮಾಡಬಹುದಾದ ವ್ಯಾಯಾಮ, ಯಾಕಂದರೆ ಕುತ್ತಿಗೆಮಟ್ಟ ನೀರಿನಲ್ಲಿ ಮೈಭಾರದ ಬಹುಪಾಲನ್ನು ನೀರೇ ಹೊರುತ್ತದೆ. ಎಲ್ಲವೂ ನಿಜ. ಆದರೆ ಇವೆಲ್ಲಕ್ಕಿಂತ ಮುಂಚೆ ಬರುವ ಒಂದು ಲಾಭವಿದೆ. ನೀರಿಗೆ ಬಿದ್ದ ಮಗು ಜೀವಂತವಾಗಿ ದಡಕ್ಕೆ ಬರುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಮಾತು ಅಂತ ನಾವು ಸುಮ್ನೆ ಮುಂದೆ ಹೋಗಿಬಿಡುತ್ತೇವೆ. ಬಾಂಗ್ಲಾದೇಶದ ಕೆಲವರು ಹಾಗೆ ಮುಂದೆ ಹೋಗಲಿಲ್ಲ. ಈಜು ಕಲಿತ ಮಕ್ಕಳಲ್ಲಿ ಸಾವು ಎಷ್ಟು ಕಡಿಮೆಯಾಗುತ್ತದೆ, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಈಜುಕೊಳವೇ ಇಲ್ಲದ ಹಳ್ಳಿಯಲ್ಲಿ ಹೇಗೆ ಕಲಿಸುವುದು ಅನ್ನುವುದನ್ನೆಲ್ಲ ಮಾಡಿ, ಅಳೆದು ತೋರಿಸಿದರು. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ಕೆರೆ, ಬಾವಿ, ಕೃಷಿ ಹೊಂಡಗಳ ಊರುಗಳಿಗೆ ಇದರಿಂದ ತೆಗೆದುಕೊಳ್ಳುವುದು ತುಂಬಾ ಇದೆ.

ಲೆಕ್ಕಕ್ಕೆ ಸಿಗದ ಸಾವುಗಳು

2003ರವರೆಗೆ ಬಾಂಗ್ಲಾದೇಶದಲ್ಲಿ ಮಕ್ಕಳ ಸಾವು ಅಂದರೆ ಭೇದಿ, ನ್ಯುಮೋನಿಯಾ, ದಡಾರ ಇವೇ ಕಣ್ಣಮುಂದೆ ಬರುತ್ತಿದ್ದವು. ಲಸಿಕೆ ಬಂತು, ಓಆರ್‌ಎಸ್ ಬಂತು, ರೋಗದಿಂದ ಸಾಯುವ ಮಕ್ಕಳ ಸಂಖ್ಯೆ ಇಳಿಯುತ್ತಾ ಬಂತು. ನೀರಿಗೆ ಬಿದ್ದು ಸಾಯುವ ಮಕ್ಕಳು ಮಾತ್ರ ಯಾರ ಲೆಕ್ಕದಲ್ಲೂ ಸರಿಯಾಗಿ ಇರಲಿಲ್ಲ. ಕಾರಣ ಸರಳ. ಮುಳುಗಿದ ಮಗುವನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಕೊಳದಿಂದ ಎತ್ತುವ ಹೊತ್ತಿಗೇ ಎಲ್ಲ ಮುಗಿದಿರುತ್ತದೆ. ಸಂಜೆಯೊಳಗೆ ಮಣ್ಣು ಮಾಡುತ್ತಾರೆ. ಆಸ್ಪತ್ರೆಯ ದಾಖಲೆ ನೋಡಿ ಲೆಕ್ಕ ಹಾಕುವವರಿಗೆ ಆ ಮಗು ಸಿಗುವುದೇ ಇಲ್ಲ.

2003ರಲ್ಲಿ ಮನೆಮನೆಗೆ ಹೋಗಿ ಒಂದು ದೊಡ್ಡ ಸಮೀಕ್ಷೆ ಮಾಡಿದರು. 1,71,000ಕ್ಕೂ ಜಾಸ್ತಿ ಮನೆ, 8 ಲಕ್ಷಕ್ಕೂ ಜಾಸ್ತಿ ಜನ. ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು, ಹೇಗೆ ತೀರಿಕೊಂಡರು ಅಂತ ಕೇಳಿದರು. ಬಂದ ಉತ್ತರ ದೇಶವನ್ನೇ ಬೆಚ್ಚಿಬೀಳಿಸುವಂಥದ್ದು. 1ರಿಂದ 17 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ಯಾವ ರೋಗವೂ ಅಲ್ಲ, ನೀರಿನಲ್ಲಿ ಮುಳುಗುವುದು. ವರ್ಷಕ್ಕೆ ಸುಮಾರು 17,000 ಮಕ್ಕಳು. ದಿನಕ್ಕೆ ಲೆಕ್ಕ ಹಾಕಿದರೆ 46.

ಈ ಮಕ್ಕಳು ದೊಡ್ಡ ನದಿಯಲ್ಲಿ, ನೆರೆಯಲ್ಲಿ, ದೋಣಿ ಮಗುಚಿ ಸತ್ತವರು ಅಂತ ನಮಗೆ ಅನ್ನಿಸುತ್ತದೆ. ಅಲ್ಲ. ಬಹುಪಾಲು ಮಕ್ಕಳು ಮುಳುಗಿದ್ದು ಮನೆಯಿಂದ 20 ಮೀಟರ್ ಒಳಗೆ, ಹಾಡಹಗಲಲ್ಲಿ, ಹಿತ್ತಲ ಕೊಳದಲ್ಲೋ ಹಳ್ಳದಲ್ಲೋ. ಮಳೆ ಬಂದರೆ ನೆಲ ನೀರಾಗುವ ದೇಶ ಅದು. ಹಾಗಾಗಿ ಮನೆ ಕಟ್ಟುವಾಗ ಮಣ್ಣು ಏರಿಸಿ ದಿಬ್ಬ ಮಾಡಿ ಅದರ ಮೇಲೆ ಕಟ್ಟುತ್ತಾರೆ. ಆ ಮಣ್ಣು ತೆಗೆದ ಗುಂಡಿ ಪಕ್ಕದಲ್ಲೇ ಕೊಳವಾಗಿ ಉಳಿಯುತ್ತದೆ. ಸ್ನಾನ, ಪಾತ್ರೆ, ಬಟ್ಟೆ, ಮೀನು ಎಲ್ಲಕ್ಕೂ ಅದೇ ಕೊಳ. ಮನೆ ಬಾಗಿಲಿಂದ ನಾಲ್ಕು ಹೆಜ್ಜೆ ಇಟ್ಟರೆ ನೀರು.

ಹೊತ್ತು ಕೂಡ ಗೊತ್ತಾಯಿತು. ಬೆಳಗ್ಗೆ 9ರಿಂದ ಮಧ್ಯಾಹ್ನದವರೆಗಿನ ಸಮಯ ಹೆಚ್ಚು ಅಪಾಯದ್ದು. ಗಂಡಸರು ಗದ್ದೆಗೆ ಹೋಗಿರುತ್ತಾರೆ. ದೊಡ್ಡ ಮಕ್ಕಳು ಶಾಲೆಗೆ. ತಾಯಿ ಒಲೆಯ ಮುಂದೆ. ಅಂಬೆಗಾಲು ದಾಟಿ ನಡೆಯಲು ಕಲಿತ ಮಗು ಅಂಗಳದಲ್ಲಿ. ಆ ತಾಯಿಯನ್ನು ಯಾರೂ ದೂರಬಾರದು. ಒಬ್ಬ ಹೆಂಗಸು ಒಂದೇ ಹೊತ್ತಿಗೆ ಅಡುಗೆ ಮಾಡಿ, ನೀರು ತಂದು, ಕೋಳಿಗೆ ಕಾಳು ಹಾಕಿ, ಎರಡು ವರ್ಷದ ಮಗುವಿನ ಮೇಲೆ ಕಣ್ಣಿಡುವುದು ಆಗುವ ಮಾತಲ್ಲ.

ಇನ್ನೊಂದು ತೊಡಕೂ ಇತ್ತು. ಇಂಥ ಸಾವನ್ನು ಜನ ವಿಧಿ ಅಂತ ಒಪ್ಪಿಕೊಂಡುಬಿಟ್ಟಿದ್ದರು. ನೀರಿನಲ್ಲಿರುವ ಯಾವುದೋ ಶಕ್ತಿ ಮಗುವನ್ನು ಕರೆಯಿತು ಅನ್ನುವ ನಂಬಿಕೆ ಅಲ್ಲಿನ ಹಳ್ಳಿಗಳಲ್ಲಿ ಇದೆ. ನಮಗೇನೂ ಇದು ಹೊಸದಲ್ಲ. ಜಾತಕ ನೋಡಿದವರು ನೀರಿನ ಗಂಡಾಂತರ ಇದೆ ಅಂದರೆ, ನಮ್ಮಲ್ಲೂ ಆ ಮಗುವನ್ನು ಕೆರೆಯ ಕಡೆಗೇ ಬಿಡುವುದಿಲ್ಲ. ಈಜು ಕಲಿಯಬೇಕಾದ ಮೊದಲ ಮಗುವೇ ಅದು. ಅದನ್ನೇ ನೀರಿನಿಂದ ದೂರ ಇಟ್ಟು ಬೆಳೆಸುತ್ತೇವೆ. ನೀರು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಊರಲ್ಲೇ ಇರುತ್ತದೆ.

ಎರಡು ವಯಸ್ಸು, ಎರಡು ಉಪಾಯ

2005ರಲ್ಲಿ ಢಾಕಾದಲ್ಲಿ ಗಾಯ ಮತ್ತು ಅವಘಡಗಳ ತಡೆಗೆಂದೇ ಸಿಐಪಿಆರ್‌ಬಿ ಅನ್ನುವ ಸಂಸ್ಥೆ ಹುಟ್ಟಿತು. ಯುನಿಸೆಫ್, ಆಸ್ಟ್ರೇಲಿಯಾದ ರಾಯಲ್ ಲೈಫ್ ಸೇವಿಂಗ್ ಸೊಸೈಟಿ, ದಿ ಅಲಯನ್ಸ್ ಫಾರ್ ಸೇಫ್ ಚಿಲ್ಡ್ರನ್ ಅನ್ನುವ ಸಂಸ್ಥೆಗಳು ಅದರ ಜೊತೆ ಸೇರಿಕೊಂಡವು. ರಾಯ್‌ಗಂಜ್, ಶೇರ್‌ಪುರ, ಮನೋಹರ್ದಿ ಅನ್ನುವ ಮೂರು ಉಪಜಿಲ್ಲೆಗಳಲ್ಲಿ ಕೆಲಸ ಶುರುವಾಯಿತು. ಉಪಜಿಲ್ಲೆ ಅಂದರೆ ಹೆಚ್ಚುಕಮ್ಮಿ ನಮ್ಮ ತಾಲ್ಲೂಕು.

ಅವರು ಮೊದಲು ಅರ್ಥ ಮಾಡಿಕೊಂಡ ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಔಷಧಿ ಆಗುವುದಿಲ್ಲ. ಅತಿ ಹೆಚ್ಚು ಸಾಯುತ್ತಿದ್ದದ್ದು 1ರಿಂದ 4 ವರ್ಷದ ಮಕ್ಕಳು. ಹಳ್ಳಿಯ ಕೊಳದಲ್ಲಿ ಅಷ್ಟು ಚಿಕ್ಕ ಮಕ್ಕಳಿಗೆ ಈಜು ಕಲಿಸಿ ಭರವಸೆ ಇಡಲು ಆಗುವುದಿಲ್ಲ. ಅವರಿಗೆ ಬೇಕಾದದ್ದು ಆ ಅಪಾಯದ ಹೊತ್ತಿನಲ್ಲಿ ಯಾರಾದರೂ ನೋಡಿಕೊಳ್ಳುವುದು. ಅದಕ್ಕೆ ಆಂಚಲ್ ಅನ್ನುವ ಶಿಶುಮನೆಗಳನ್ನು ಶುರು ಮಾಡಿದರು. ಊರಿನ ಒಬ್ಬ ಹೆಂಗಸಿನ ಮನೆಯಲ್ಲೇ, ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ವಾರಕ್ಕೆ ಆರು ದಿನ, 25ರಷ್ಟು ಮಕ್ಕಳು. ಆ ಹೆಂಗಸನ್ನು ಮಕ್ಕಳು ಆಂಚಲ್ ಮಾ ಅಂತ ಕರೆಯುತ್ತಾರೆ. ಜೊತೆಗೆ ಒಬ್ಬ ಸಹಾಯಕಿ. ಹಾಡು, ಆಟ, ಒಂದಿಷ್ಟು ಕಲಿಕೆ. ಅಷ್ಟೇ.

ಅದಕ್ಕಿಂತ ದೊಡ್ಡ ಮಕ್ಕಳಿಗೆ ಈಜು. 2006ರಲ್ಲಿ ಶುರುವಾದ ಇದಕ್ಕೆ ಸ್ವಿಮ್‌ಸೇಫ್ ಅಂತ ಹೆಸರು. ಮೊದಲು 4 ವರ್ಷದಿಂದಲೇ ತೆಗೆದುಕೊಳ್ಳುತ್ತಿದ್ದರು. ಆಮೇಲೆ 6ರಿಂದ 10 ವರ್ಷದವರ ಕಡೆ ಗಮನ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇವತ್ತು 6 ವರ್ಷ ದಾಟಿದ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಅಂತಲೇ ಹೇಳುತ್ತದೆ.

ಹಳ್ಳಿ ಮಕ್ಕಳು ತಾವಾಗಿಯೇ ಈಜು ಕಲಿಯುತ್ತಾರಲ್ಲ, ಇದಕ್ಕೆ ಕಾರ್ಯಕ್ರಮ ಯಾಕೆ ಅಂತ ಯಾರಾದರೂ ಕೇಳಬಹುದು. ಕಲಿಯುತ್ತಾರೆ ನಿಜ. ಅಣ್ಣ, ಅಕ್ಕ, ಚಿಕ್ಕಪ್ಪ ಯಾರೋ ಒಬ್ಬರು ಕಲಿಸುತ್ತಾರೆ. ನಮ್ಮ ಕಡೆ ಬೆನ್ನಿಗೆ ಬೆಂಡು ಕಟ್ಟಿ, ಒಣಗಿದ ಸೋರೆ ಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಸಿ ಕಲಿಸಿದ ಹಾಗೆಯೇ. ಆದರೆ ಕಲಿಯುವ ಮುಂಚಿನ ವರ್ಷಗಳಲ್ಲೇ ಎಷ್ಟೋ ಮಕ್ಕಳು ಹೋಗಿಬಿಡುತ್ತಾರೆ. ತಾವಾಗಿ ಕಲಿತವರು ಅಂತ ನಾವು ಯಾರನ್ನು ತೋರಿಸುತ್ತೇವೋ ಅವರು ಬದುಕಿ ಉಳಿದವರು.

ಕೊಳದೊಳಗೆ

ಹಳ್ಳಿಯಲ್ಲಿ ಈಜುಕೊಳ ಇಲ್ಲ. ಕಟ್ಟುವ ದುಡ್ಡೂ ಇಲ್ಲ. ಹಾಗಾಗಿ ಊರಿನ ಕೊಳವನ್ನೇ ತರಗತಿ ಮಾಡಿಕೊಂಡರು. ಕೊಳದ ಒಂದು ಬದಿಯಲ್ಲಿ ಬಿದಿರಿನ ಗಳಗಳನ್ನು ಸಾಲಾಗಿ ಕೆಸರಿಗೆ ಇಳಿಸಿ ಗಟ್ಟಿಯಾಗಿ ನೆಡುತ್ತಾರೆ. ಸುತ್ತ ಬಿದಿರಿನ ಬೇಲಿ. ನೀರಿನೊಳಗೆ, ಮಗು ನಿಂತರೆ ತಲೆ ಮೇಲಿರುವಷ್ಟು ಆಳದಲ್ಲಿ, ಬಿದಿರಿನದೇ ಒಂದು ಅಟ್ಟಣಿಗೆ. ಕಾಲ ಕೆಳಗೆ ಕೆಸರಿಲ್ಲ, ಜಾರುವ ಇಳಿಜಾರಿಲ್ಲ, ಇದ್ದಕ್ಕಿದ್ದಂತೆ ಆಳವಿಲ್ಲ. ಮಗು ಎಲ್ಲೇ ಕಾಲೂರಿದರೂ ನೆಲ ಸಿಗುತ್ತದೆ. ಬೇಲಿ ದಾಟಿ ಆಚೆ ಹೋಗುವ ಹಾಗಿಲ್ಲ. ಬಿದಿರು ಊರಲ್ಲೇ ಸಿಗುತ್ತದೆ, ಕಟ್ಟುವವರೂ ಊರಲ್ಲೇ ಇದ್ದಾರೆ, ಮುರಿದರೆ ಮರುದಿನವೇ ಸರಿ ಮಾಡಬಹುದು.

ಕಲಿಸುವವರೂ ಊರಿನವರೇ. ಈಜು ಬರುವ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಡುತ್ತಾರೆ. ಒಬ್ಬರ ಕೈಗೆ ಒಂದು ಹೊತ್ತಿಗೆ ನಾಲ್ಕೈದು ಮಕ್ಕಳು ಮಾತ್ರ. ಈ ಮಾತನ್ನು ಒತ್ತಿ ಹೇಳಬೇಕು. ನೀರಿನಲ್ಲಿ ಇಪ್ಪತ್ತು ಮಕ್ಕಳನ್ನು ಒಬ್ಬರು ನೋಡಿಕೊಳ್ಳುತ್ತೇನೆ ಅಂದರೆ ಅದು ಸುಳ್ಳು.

ಕಲಿಕೆ ಹೇಗೆ ಸಾಗುತ್ತದೆ ನೋಡಿ. ನೀರು ಅಂದರೆ ಹೆದರುವ ಮಗುವಿಗೆ ಮೊದಲ ಪಾಠ ಕೈಕಾಲು ಬಡಿಯುವುದಲ್ಲ. ಮುಖ ಮುಳುಗಿಸುವುದು. ಬಾಯಿ ಮೂಗು ನೀರೊಳಗೆ ಇಟ್ಟು ಗುಳುಗುಳು ಅಂತ ಉಸಿರು ಬಿಡುವುದು, ತಲೆ ಎತ್ತಿ ಬಾಯಿಂದ ಉಸಿರು ತೆಗೆದುಕೊಳ್ಳುವುದು. ಇದು ಬಂದರೆ ಅರ್ಧ ಭಯ ಹೋಯಿತು. ನೀರು ಮೂಗಿಗೆ ತಾಗಿದ ಕೂಡಲೇ ಮೈ ಸೆಟೆದುಕೊಳ್ಳುವುದು ನಿಲ್ಲುತ್ತದೆ.

ಆಮೇಲೆ ತೇಲುವುದು. ಎದೆ ತುಂಬಾ ಗಾಳಿ ಇದ್ದರೆ ಮನುಷ್ಯನ ಮೈ ತಾನಾಗಿಯೇ ತೇಲುತ್ತದೆ, ಅದಕ್ಕೆ ಏನೂ ಮಾಡಬೇಕಾಗಿಲ್ಲ. ಆದರೆ ಹೆದರಿದವರು ಮಾಡುವುದೇ ಉಲ್ಟಾ. ತಲೆಯನ್ನು ನೀರಿಂದ ಮೇಲೆತ್ತಲು ನೋಡುತ್ತಾರೆ. ತಲೆ ಮೇಲೆ ಬಂದಷ್ಟೂ ಸೊಂಟ, ಕಾಲು ಕೆಳಗೆ ಹೋಗುತ್ತವೆ. ಮೈ ನೆಟ್ಟಗೆ ನಿಲ್ಲುತ್ತದೆ, ಮುಳುಗುತ್ತದೆ. ಹಾಗಾಗಿ ಕಲಿಸುವವರು ಮಗುವನ್ನು ಅಂಗಾತ ಮಲಗಿಸಿ, ಒಂದು ಕೈಯನ್ನು ಕತ್ತಿನ ಕೆಳಗೆ, ಇನ್ನೊಂದನ್ನು ಬೆನ್ನ ಕೆಳಗೆ ಇಡುತ್ತಾರೆ. ಕಿವಿ ನೀರೊಳಗೆ ಇರಲಿ, ಆಕಾಶ ನೋಡು, ಹೊಟ್ಟೆ ಮೇಲೆತ್ತು. ಮೊದಲು ಮಗುವಿನ ಕತ್ತು ಕಲ್ಲಿನ ಹಾಗೆ ಬಿಗಿಯಾಗಿರುತ್ತದೆ. ಒಂದು ಹಂತದಲ್ಲಿ ಆ ಬಿಗಿ ಸಡಿಲವಾಗುತ್ತದೆ. ಅಂಗೈಗೆ ಅದು ತಕ್ಷಣ ಗೊತ್ತಾಗುತ್ತದೆ. ಆಗ ಬೆನ್ನ ಕೆಳಗಿನ ಕೈ ಮೆಲ್ಲಗೆ ಇಳಿಯುತ್ತದೆ, ಮಗು ಹಾಗೇ ನಿಂತಿರುತ್ತದೆ, ನೀರಿನ ಮೇಲೆ. ಈಜು ಕಲಿತ ಪ್ರತಿಯೊಬ್ಬರಿಗೂ ಈ ಕ್ಷಣ ನೆನಪಿರುತ್ತದೆ, ಅಲ್ವಾ?

ಇದಾದ ಮೇಲೆ ಕಾಲು ಬಡಿಯುವುದು, ಕೈ ಬೀಸುವುದು, ಬೋರಲು ಇದ್ದವರು ಅಂಗಾತ ತಿರುಗುವುದು. ಎರಡು ವಾರದ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳು ಗುರಿ ಮುಟ್ಟುತ್ತಾರೆ. ಗುರಿ ಏನು? 25 ಮೀಟರ್ ಈಜಬೇಕು. 30 ಸೆಕೆಂಡ್ ತೇಲಬೇಕು. ಮುಳುಗುತ್ತಿರುವ ಇನ್ನೊಬ್ಬರಿಗೆ ತಾನು ನೀರಿಗೆ ಇಳಿಯದೆ ನೆರವಾಗಲು ಗೊತ್ತಿರಬೇಕು. ಇಷ್ಟೇ.

ಶೈಲಿ ಚೆನ್ನಾಗಿದೆಯಾ, ವೇಗ ಎಷ್ಟು ಅನ್ನುವುದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಪದಕದ ಈಜಿಗೆ ಹೋಲಿಸಿದರೆ 25 ಮೀಟರ್ ಏನೇನೂ ಅಲ್ಲ. ಆದರೆ ಮಕ್ಕಳು ಎಲ್ಲಿ ಸಾಯುತ್ತಾರೆ ಅನ್ನುವುದನ್ನು ನೆನಪಿಡಿ. ಹಿತ್ತಲ ಕೊಳದಲ್ಲಿ, ದಡದಿಂದ ಒಂದೆರಡು ಮಾರು ದೂರದಲ್ಲಿ. ಕಾಲು ಜಾರಿ ಬಿದ್ದ ಮಗು ಗಾಬರಿಯಾಗದೆ ಅರ್ಧ ನಿಮಿಷ ತೇಲಿ, ದಡ ಎಲ್ಲಿದೆ ಅಂತ ನೋಡಿ, ಅಲ್ಲಿಗೆ ಬಂದು ಹುಲ್ಲು ಹಿಡಿದುಕೊಂಡರೆ ಬದುಕಿತು. ಸಾವು ಹೇಗೆ ಬರುತ್ತದೆ ಅನ್ನುವುದನ್ನು ತಿಳಿದು, ಅದಕ್ಕೆ ಬೇಕಾದಷ್ಟೇ ಕಲಿಸಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದು ಅನ್ನಿಸುವುದು ಇದೇ.

ಇಳಿಯಬೇಡ, ಕೋಲು ಚಾಚು

ಮೂರನೇ ಗುರಿಯ ಬಗ್ಗೆ, ಅಂದರೆ ನೀರಿಗೆ ಇಳಿಯದೆ ನೆರವಾಗುವುದರ ಬಗ್ಗೆ, ಇನ್ನಷ್ಟು ಹೇಳಬೇಕು. ನಮ್ಮಲ್ಲೂ ಪತ್ರಿಕೆ ತೆಗೆದರೆ ಈ ಸುದ್ದಿ ಮತ್ತೆ ಮತ್ತೆ ಕಾಣುತ್ತದೆ: ಒಬ್ಬ ಮುಳುಗುತ್ತಿದ್ದ, ಕಾಪಾಡಲು ಹೋದ ಇನ್ನೊಬ್ಬನೂ ಹೋದ, ಅವನ ಹಿಂದೆ ಮತ್ತೊಬ್ಬ. ಮುಳುಗುತ್ತಿರುವವರು ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲೇರಲು ನೋಡುತ್ತಾರೆ. ಕಾಪಾಡಲು ಬಂದವರ ತಲೆಯನ್ನೇ ಅದುಮಿಬಿಡುತ್ತಾರೆ. ದೊಡ್ಡವರಿಗೇ ಆ ಹಿಡಿತ ಬಿಡಿಸಿಕೊಳ್ಳುವುದು ಕಷ್ಟ. ಹಾಗಾಗಿ ಅಲ್ಲಿ ಮಕ್ಕಳಿಗೆ ಕಲಿಸುವುದು ದಡದಲ್ಲೇ ಇದ್ದು, ಬೋರಲು ಮಲಗಿ ಅಥವಾ ಕುಕ್ಕರಗಾಲಲ್ಲಿ ಕೂತು, ಕೋಲನ್ನೋ ಬಿದಿರನ್ನೋ ಚಾಚುವುದು, ತೇಲುವ ವಸ್ತು ಎಸೆಯುವುದು, ಜೋರಾಗಿ ಕೂಗಿ ದೊಡ್ಡವರನ್ನು ಕರೆಯುವುದು. ಈಜು ಕಲಿತ ಮಕ್ಕಳಲ್ಲಿ ಕೆಲವರು ಬೇರೆ ಮಕ್ಕಳನ್ನು ಕಾಪಾಡಿದ್ದಾಗಿ ಹೇಳಿದ್ದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಾಖಲಾಗಿದೆ. ಅಂದರೆ ಒಂದು ಮಗು ಕಲಿತದ್ದು ಪಕ್ಕದ ಮನೆಯ ಮಗುವಿಗೂ ಉಪಯೋಗಕ್ಕೆ ಬರುತ್ತದೆ.

ಮುಳುಗುವುದು ಹೇಗಿರುತ್ತದೆ ಅನ್ನುವುದೂ ಎಲ್ಲರಿಗೂ ಗೊತ್ತಿರಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಯಾರೂ ಕೈ ಬೀಸಿ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುವಾಗ ಉಸಿರು ಎಳೆಯಲೇ ಪುರುಸೊತ್ತಿಲ್ಲ, ಕೂಗುವುದೆಲ್ಲಿಂದ? ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಅರ್ಧ ಒಂದು ನಿಮಿಷದಲ್ಲಿ, ಸದ್ದೇ ಇಲ್ಲದೆ, ಮುಗಿದುಹೋಗಬಹುದು. ಹತ್ತು ಹೆಜ್ಜೆ ದೂರದಲ್ಲಿ ಬಟ್ಟೆ ಒಗೆಯುತ್ತಿರುವವರಿಗೂ ಗೊತ್ತಾಗುವುದಿಲ್ಲ.

ನೀರಿಂದ ಎತ್ತಿದ ಮೇಲೆ ಏನು ಮಾಡುತ್ತಾರೆ ಅನ್ನುವುದು ಇನ್ನೊಂದು ಸಂಗತಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಗುವನ್ನು ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುವ ರೂಢಿ ಇತ್ತು, ಹೊಟ್ಟೆಯ ನೀರು ಹೊರಬರಲಿ ಅಂತ. ನಮ್ಮ ಕಡೆಯೂ ಬೋರಲು ಹಾಕಿ ಹೊಟ್ಟೆ ಒತ್ತುವುದನ್ನು ನೋಡುತ್ತೇವೆ. ಇದರಲ್ಲಿ ಹೋಗುವ ಒಂದೊಂದು ನಿಮಿಷವೂ ಮಿದುಳಿಗೆ ಗಾಳಿಯಿಲ್ಲದ ನಿಮಿಷ. ಹೊಟ್ಟೆಯಲ್ಲಿರುವ ನೀರು ಮಗುವನ್ನು ಕೊಲ್ಲುತ್ತಿಲ್ಲ, ಉಸಿರಿಲ್ಲದಿರುವುದು ಕೊಲ್ಲುತ್ತಿದೆ. ಉಸಿರಾಡದ ಮಗುವಿಗೆ ತಕ್ಷಣ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಸಿಐಪಿಆರ್‌ಬಿ ಆಮೇಲಿನ ವರ್ಷಗಳಲ್ಲಿ ಊರವರಿಗೆ ಈ ಪ್ರಥಮ ಚಿಕಿತ್ಸೆಯನ್ನೂ ಕಲಿಸುತ್ತಾ ಬಂತು.

ಅಳೆದಾಗ ಸಿಕ್ಕಿದ್ದು

2012ರಲ್ಲಿ ಪೀಡಿಯಾಟ್ರಿಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸ್ವಿಮ್‌ಸೇಫ್‌ನಲ್ಲಿ ಕಲಿತ 79,000ಕ್ಕೂ ಹೆಚ್ಚು ಮಕ್ಕಳನ್ನು, ಅದೇ ವಯಸ್ಸಿನ, ಕಲಿಯದ ಮಕ್ಕಳ ಜೊತೆ ಹೋಲಿಸಿದ್ದರು. ಕಲಿತವರಲ್ಲಿ ಮುಳುಗಿ ಸಾಯುವ ಅಪಾಯ 93% ಕಡಿಮೆ ಇತ್ತು. ಆಂಚಲ್‌ಗೆ ಹೋದ ಚಿಕ್ಕ ಮಕ್ಕಳಲ್ಲಿ ಅಪಾಯ 82% ಕಡಿಮೆ.

ನೂರಕ್ಕೆ 93. ಇಷ್ಟು ಕೆಲಸ ಮಾಡುವ ಲಸಿಕೆ ಬಂದರೆ ಮನೆಮನೆಗೆ ಹೋಗಿ ಹಾಕುತ್ತೇವೆ.

ಖರ್ಚಿನ ಲೆಕ್ಕವೂ ಅದೇ ಅಧ್ಯಯನದಲ್ಲಿದೆ. ರೋಗ, ಊನ, ಅಕಾಲ ಮರಣದಿಂದ ಕಳೆದುಹೋಗುವ ಬದುಕಿನ ಒಂದು ವರ್ಷವನ್ನು ಉಳಿಸಲು ಆಂಚಲ್‌ಗೆ 812 ಡಾಲರ್ ಆದರೆ, ಈಜಿಗೆ 85 ಡಾಲರ್. ಯಾಕೆ ಇಷ್ಟು ವ್ಯತ್ಯಾಸ ಅಂದರೆ, ಶಿಶುಮನೆ ವರ್ಷಪೂರ್ತಿ ನಡೆಯಬೇಕು, ಈಜು ಒಮ್ಮೆ ಕಲಿಸಿದರೆ ಆಯಿತು. ಸೈಕಲ್ಲಿನ ಹಾಗೆ, ಮೈಗೆ ಹತ್ತಿದ್ದು ಮರೆಯುವುದಿಲ್ಲ. ಹಾಗಂತ ಶಿಶುಮನೆ ಬಿಟ್ಟು ಈಜು ಮಾತ್ರ ಇಟ್ಟುಕೊಳ್ಳೋಣ ಅನ್ನಲು ಬರುವುದಿಲ್ಲ. ಎರಡು ವರ್ಷದ ಮಗುವಿಗೆ ಆಂಚಲ್ ಮಾ ಬೇಕೇ ಬೇಕು.

ಒಂದು ಎಚ್ಚರಿಕೆಯ ಮಾತು. ಇದು ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿದ ಪ್ರಯೋಗವಲ್ಲ. ಮಕ್ಕಳನ್ನು ಕಳಿಸಿದ ಮನೆಗಳಲ್ಲಿ ಮೊದಲೇ ಒಂದಿಷ್ಟು ಹೆಚ್ಚು ಕಾಳಜಿ ಇದ್ದಿರಬಹುದು. ಹಾಗಾಗಿ ಆ 93 ಅನ್ನುವ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದಂತೆ ಹಿಡಿಯಬಾರದು. ಆದರೆ ಬೇರೆ ಕಡೆಯ ಸಾಕ್ಷ್ಯವೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, 1ರಿಂದ 4 ವರ್ಷದ ಮಕ್ಕಳಲ್ಲಿ ಈಜು ತರಗತಿಗೆ ಹೋದವರಿಗೆ ಮುಳುಗುವ ಅಪಾಯ 88% ಕಡಿಮೆ ಅಂತ ಕಂಡುಕೊಂಡಿತ್ತು. ಆ ಅಧ್ಯಯನವೂ ಚಿಕ್ಕದು, ಆ ಅಂಕಿಯೂ ಆಚೀಚೆ ಆಗಬಹುದು. ಅಪಾಯ ಇಳಿಯುತ್ತದೆ ಅನ್ನುವುದರಲ್ಲಿ ಮಾತ್ರ ನನಗೆ ಅನುಮಾನ ಉಳಿದಿಲ್ಲ.

ಹುಡುಗಿಯರು

ಮಗ ಕೆರೆಗೆ ಹಾರಿದರೆ ಬೈದು ಸುಮ್ಮನಾಗುತ್ತೇವೆ, ಮಗಳು ಇಳಿದರೆ ಮನೆಯೇ ತಲೆಕೆಳಗಾಗುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲೂ ಅದೇ ಕಥೆ. ಹಾಗಾಗಿ ಊರಿನ ಹೆಣ್ಣುಮಕ್ಕಳನ್ನೇ ತರಬೇತಿ ಕೊಟ್ಟು ಕಲಿಸಲು ನಿಲ್ಲಿಸಿದರು. ಈಜುಡುಗೆಯ ಗೋಜಿಲ್ಲ, ಹುಡುಗಿಯರು ದಿನಾ ಹಾಕುವ ಬಟ್ಟೆಯಲ್ಲೇ ನೀರಿಗಿಳಿದರು. ಇದು ಮರ್ಯಾದೆಗಾಗಿ ಮಾಡಿಕೊಂಡ ರಾಜಿ ಅಂತ ಅನ್ನಿಸಬಹುದು, ಆದರೆ ಅದರಲ್ಲೇ ಒಂದು ಲಾಭವೂ ಇದೆ. ಮಗು ಕಾಲು ಜಾರಿ ಬೀಳುವಾಗ ಈಜುಡುಗೆಯಲ್ಲಿ ಇರುವುದಿಲ್ಲ, ಲಂಗದಲ್ಲೋ ಸಲ್ವಾರಿನಲ್ಲೋ ಇರುತ್ತದೆ. ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಂಡಾಗ ಹೇಗಿರುತ್ತದೆ ಅನ್ನುವುದು ಅದಕ್ಕೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಈಜು ಬರುವ ತಾಯಿ ಮುಂದೆ ತನ್ನ ಮಕ್ಕಳನ್ನು ನೀರಿಗೆ ಹೆದರಿಸಿ ಬೆಳೆಸುವುದಿಲ್ಲ ಅನ್ನುವುದೂ ನನ್ನ ನಂಬಿಕೆ.

ಕೊಳದಿಂದ ವಿಶ್ವಸಂಸ್ಥೆಗೆ

ಕೆಲಸ ಹಬ್ಬಿತು. ಢಾಕಾದಂಥ ಊರಲ್ಲಿ ಶಾಲೆಯ ಅಂಗಳದಲ್ಲೇ ಜೋಡಿಸಿ ಬಿಚ್ಚಬಹುದಾದ ಕೊಳ ಇಟ್ಟು ಕಲಿಸಿದರು. ನದಿಗಳ ನಾಡಾದ ಬಾರಿಸಾಲ್ ಕಡೆ ಕಡಲಲ್ಲಿ ಅಪಾಯಕ್ಕೆ ಸಿಕ್ಕವರನ್ನು ಕಾಪಾಡುವ ಬ್ರಿಟನ್ನಿನ ಸೇವಾ ಸಂಸ್ಥೆ ಆರ್‌ಎನ್‌ಎಲ್‌ಐ ನೆರವಿನಿಂದ ಭಾಸಾ ಅನ್ನುವ ಯೋಜನೆ ಬಂತು. 2021ರ ಏಪ್ರಿಲ್ 28ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮುಳುಗುವಿಕೆ ತಡೆಯ ಬಗ್ಗೆ ತನ್ನ ಮೊದಲ ನಿರ್ಣಯ ಮಾಡಿ, ಜುಲೈ 25ನ್ನು ಅದಕ್ಕಾಗಿ ವಿಶ್ವ ದಿನ ಅಂತ ಘೋಷಿಸಿತು. ಅದನ್ನು ಮುಂದೆ ನಿಂತು ತಂದದ್ದು ಬಾಂಗ್ಲಾದೇಶ ಮತ್ತು ಐರ್ಲೆಂಡ್.

2022ರಲ್ಲಿ ಬಾಂಗ್ಲಾದೇಶ ಸರ್ಕಾರವೇ ಯೋಜನೆಯನ್ನು ಕೈಗೆತ್ತಿಕೊಂಡಿತು. ಸುಮಾರು 272 ಕೋಟಿ ಟಾಕಾ. 16 ಜಿಲ್ಲೆ, 8,000 ಶಿಶುಮನೆ, ಅಲ್ಲಿ 2 ಲಕ್ಷ ಚಿಕ್ಕ ಮಕ್ಕಳು. ಜೊತೆಗೆ 6ರಿಂದ 10 ವರ್ಷದ 3,60,000 ಮಕ್ಕಳಿಗೆ ಈಜು. ದಾನಿಗಳ ದುಡ್ಡಿನಲ್ಲಿ ಮೂರು ತಾಲ್ಲೂಕಿನಲ್ಲಿ ನಡೆದದ್ದು ಸರ್ಕಾರದ ಬಜೆಟ್ಟಿಗೆ ಬರಲು 16 ವರ್ಷ ಹಿಡಿಯಿತು. ಫಲಿತಾಂಶ ಪ್ರಕಟವಾದ ಮೇಲೇ ಹತ್ತು ವರ್ಷ. ಈ ತಡ ನನ್ನನ್ನು ಕಾಡುತ್ತದೆ. 2016ರಲ್ಲಿ ಅದೇ ದೇಶದಲ್ಲಿ ಮತ್ತೊಮ್ಮೆ ಸಮೀಕ್ಷೆ ಮಾಡಿದಾಗಲೂ ವರ್ಷಕ್ಕೆ 14,000ಕ್ಕೂ ಹೆಚ್ಚು ಮಕ್ಕಳು ಮುಳುಗುತ್ತಿದ್ದರು. ದಾರಿ ಗೊತ್ತಾಗಿತ್ತು, ಮಕ್ಕಳು ಇನ್ನೂ ಹೋಗುತ್ತಲೇ ಇದ್ದರು.

ನಮ್ಮ ಊರುಗಳಿಗೆ ತಂದರೆ

ಭಾರತದಲ್ಲಿ ವರ್ಷಕ್ಕೆ 30,000ಕ್ಕೂ ಜಾಸ್ತಿ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಅನ್ನುವುದು ಪೊಲೀಸ್ ದಾಖಲೆಯ ಲೆಕ್ಕ. ಠಾಣೆಗೆ ಬರದ ಸಾವು ಇದರಲ್ಲಿಲ್ಲ. ಕರ್ನಾಟಕದಲ್ಲಿ ಕೆರೆ, ತೆರೆದ ಬಾವಿ, ನಾಲೆ, ಕಲ್ಲುಕ್ವಾರಿಯ ಗುಂಡಿ, ಕಡಲು ಎಲ್ಲವೂ ಇವೆ. ಈಚಿನ ವರ್ಷಗಳಲ್ಲಿ ಕೃಷಿ ಹೊಂಡ ಸೇರಿಕೊಂಡಿದೆ. ಮಳೆ ಕೈಕೊಡುವ ಸೀಮೆಯ ರೈತರಿಗೆ ಕೃಷಿ ಭಾಗ್ಯದ ಹೊಂಡ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಬದಿಗಳು ಇಳಿಜಾರು. ಒದ್ದೆಯಾದ ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬರುವ ದೊಡ್ಡವರೂ ಹತ್ತಿ ಬರಲಾರರು. ಹಿಡಿಯಲು ಹುಲ್ಲಿಲ್ಲ, ಕಲ್ಲಿಲ್ಲ. ಬಾಂಗ್ಲಾದೇಶದ ಪಾಠ ಇಲ್ಲಿ ಹಾಗೇ ಕೂರುವುದಿಲ್ಲ. ಈಜಿನ ಜೊತೆ ಹೊಂಡದ ಸುತ್ತ ತಂತಿಬೇಲಿ ಬೇಕು, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಬೇಕು, ಒಂದು ಹಳೇ ಟ್ಯೂಬು ಯಾವಾಗಲೂ ನೀರಿನ ಮೇಲೆ ತೇಲುತ್ತಿರಬೇಕು. ಇದು ಹೆಚ್ಚು ದುಡ್ಡಿನ ಕೆಲಸವಲ್ಲ.

ಕಡಲಿನ ವಿಷಯವೂ ಬೇರೆ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಬಯಲುಸೀಮೆಯಲ್ಲಿ ಬೆಳೆದ ಮಕ್ಕಳು. ಅಲೆ ವಾಪಸು ಎಳೆಯುವ ಬಗೆ ಅವರಿಗೆ ಯಾರು ಹೇಳಿಕೊಟ್ಟಿದ್ದರು? ಕೊಳದಲ್ಲಿ 25 ಮೀಟರ್ ಈಜಿದವರೂ ಕಡಲ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರ ಈಜಬಾರದು. ತೇಲುತ್ತಾ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಪ್ರವಾಸ ಹೊರಡುವ ಮುಂಚೆ ಪ್ರತಿ ಶಾಲೆಯಲ್ಲೂ ಈ ಮಾತು ಹೇಳಬೇಕು. ಕೆಂಪು ಬಾವುಟ ಕಂಡರೆ ಕಾಲೂ ಒದ್ದೆ ಮಾಡಿಕೊಳ್ಳಬಾರದು.

ಆದರೂ ನನಗೆ ಈ ಪ್ರಕರಣದಿಂದ ಸಿಗುವ ದೊಡ್ಡ ಧೈರ್ಯ ಏನಂದರೆ, ಬಾಂಗ್ಲಾದೇಶ ಸೊನ್ನೆಯಿಂದ ಕಟ್ಟಿದ್ದರಲ್ಲಿ ಅರ್ಧ ನಮ್ಮಲ್ಲಿ ಆಗಲೇ ಇದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿ ಶುರು ಮಾಡಿತು. ಅಂಗನವಾಡಿ ಮೊದಲಿಂದ ಇದೆ. ತಾಯಿ ಕೆಲಸದಲ್ಲಿರುವ ಹೊತ್ತಿಗೆ ಚಿಕ್ಕ ಮಗುವನ್ನು ನೋಡಿಕೊಳ್ಳುವ ಕೈ ಊರಲ್ಲೇ ಇದೆ ಅಂದರೆ ಆಂಚಲ್‌ನ ಕೆಲಸ ನಡೆದಂತೆಯೇ. ಕೂಸಿನ ಮನೆಯನ್ನು ನಾವು ಇವತ್ತಿನವರೆಗೂ ಕೂಲಿಯ ಅನುಕೂಲ ಅಂತ ನೋಡಿದ್ದೇವೆ. ಕೆರೆ, ಹೊಂಡ ಹತ್ತಿರ ಇರುವ ಊರುಗಳಲ್ಲಿ ಅದು ಜೀವ ಉಳಿಸುವ ಮನೆಯೂ ಹೌದು. ಅಂಥ ಊರುಗಳಲ್ಲಿ ಮೊದಲು ತೆರೆಯಬೇಕು, ಬಾಗಿಲಿಗೆ ಅಡ್ಡಗೇಟು ಇರಬೇಕು.

ಇಲ್ಲದಿರುವುದು ಇನ್ನರ್ಧ. 6ರಿಂದ 10 ವರ್ಷದ ಮಕ್ಕಳಿಗೆ ಊರಲ್ಲೇ ಈಜು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಬೇಸಿಗೆ ರಜೆಯಲ್ಲಿ ಕೋಚಿಂಗ್ ಸಿಗುತ್ತದೆ, ತಿಂಗಳಿಗೆ ಸಾವಿರಗಟ್ಟಲೆ ಫೀಸು. ಕೆರೆ ಏರಿಯ ಮೇಲೆ ನಡೆದು ಶಾಲೆಗೆ ಹೋಗುವ ಮಗುವಿಗೆ ಏನೂ ಇಲ್ಲ. ಅಪಾಯ ಯಾರಿಗೆ ಜಾಸ್ತಿಯೋ ಅವರಿಗೇ ಕಲಿಕೆ ಇಲ್ಲ.

ಒಂದು ಪಂಚಾಯ್ತಿ ಮನಸ್ಸು ಮಾಡಿದರೆ ಬೇಕಾಗುವ ಸಾಮಾನು ದೊಡ್ಡದೇನಲ್ಲ. ನೀರು ಶುದ್ಧವಾಗಿರುವ, ಚರಂಡಿ ಸೇರದ ಒಂದು ಕೆರೆ ಅಥವಾ ಕಲ್ಯಾಣಿ. ಬಿದಿರು, ಹಗ್ಗ, ಕಟ್ಟುವ ನಾಲ್ಕು ಕೈ. ಈಜು ಬರುವ ಊರಿನ ಇಬ್ಬರು, ಅವರಲ್ಲಿ ಒಬ್ಬಳು ಹೆಣ್ಣುಮಗಳು, ಅವರಿಗೆ ತರಬೇತಿ ಮತ್ತು ಗೌರವಧನ. ಕರಾವಳಿಯ ಮೀನುಗಾರರ ಮನೆಗಳಲ್ಲಿ, ನದಿ ದಂಡೆಯ ಊರುಗಳಲ್ಲಿ ಅಂಥವರಿಗೆ ಬರವಿಲ್ಲ. ಉಸಿರು ಕೊಡುವುದನ್ನು, ಎದೆ ಒತ್ತುವುದನ್ನು ಆಶಾ ಕಾರ್ಯಕರ್ತೆಗೂ ಶಾಲೆಯ ಮೇಷ್ಟ್ರಿಗೂ ಕಲಿಸಬೇಕು. ಮಳೆ ನಿಂತು ಕೆರೆ ತಿಳಿಯಾದ ಮೇಲೆ, ಚಳಿ ಬೀಳುವ ಮುಂಚೆ, ಒಂದು ಶಾಲೆಯ ಮೂರು ನಾಲ್ಕನೇ ತರಗತಿ ಮಕ್ಕಳಿಂದ ಶುರು ಮಾಡಬಹುದು. ದಸರಾ ರಜೆ ಇದಕ್ಕೆ ಹೇಳಿ ಮಾಡಿಸಿದ ಹೊತ್ತು.